ಹದಿನಾರು ಅಡಿ ಗೋಡೆಯ ಮೇಲೆ ಎಂ. ಜಿ. ಕೆ. ಮೆನನ್: ಶಾಲಾ ವಿಜ್ಞಾನ ಪ್ರದರ್ಶನಕ್ಕೊಂದು ಕೈಪಿಡಿ

ರಾಷ್ಟ್ರೀಯ ವಿಜ್ಞಾನ ದಿನವಾದ ಫೆಬ್ರವರಿ 28 ಹತ್ತಿರ ಬಂತೆಂದರೆ ಮಂಗಳೂರು, ಉಡುಪಿಯ ಹೈಸ್ಕೂಲುಗಳಲ್ಲಿ ಜ್ವಾಲಾಮುಖಿ, ಹನಿ ನೀರಾವರಿ, ಸೌರಮಂಡಲಗಳ ಥರ್ಮಾಕೋಲ್ ಮಾದರಿಗಳು ಎದ್ದು ನಿಲ್ಲುತ್ತವೆ. ಈ ಸಲ ಒಂದು ಕೋಣೆಯನ್ನಾದರೂ ಒಬ್ಬ ವಿಜ್ಞಾನಿಯ ಬದುಕಿಗೆ ಬಿಡುವ ಮನಸ್ಸಿದ್ದರೆ ಈ ಕೈಪಿಡಿ ಉಪಯೋಗಕ್ಕೆ ಬಂದೀತು. ಆಯ್ಕೆ: ಮಂಬಿಳ್ಳಿಕಳತ್ತಿಲ್ ಗೋವಿಂದ ಕುಮಾರ ಮೆನನ್. ಹುಟ್ಟಿದ್ದು ಮಂಗಳೂರಿನಲ್ಲಿ, 1928ರ ಆಗಸ್ಟ್ 28ರಂದು. ರಾಮನ್ ಪರಿಣಾಮ ಪತ್ತೆಯಾದ 1928ರ ಫೆಬ್ರವರಿ 28ಕ್ಕೆ ಸರಿಯಾಗಿ ಆರು ತಿಂಗಳ ನಂತರ. ವಿಶ್ವಕಿರಣ (ಬಾಹ್ಯಾಕಾಶದಿಂದ ಬರುವ ಕಣಗಳ) ವಿಜ್ಞಾನಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ (ಟಿಐಎಫ್‌ಆರ್) ನಿರ್ದೇಶಕ, ಇಸ್ರೋ ಅಧ್ಯಕ್ಷ, ಯೋಜನಾ ಆಯೋಗದ ಸದಸ್ಯ, ಕೊನೆಗೆ ಕೇಂದ್ರದಲ್ಲಿ ವಿಜ್ಞಾನ-ತಂತ್ರಜ್ಞಾನ ಮತ್ತು ಶಿಕ್ಷಣದ ರಾಜ್ಯ ಸಚಿವ, ರಾಜ್ಯಸಭಾ ಸದಸ್ಯ. 2016ರ ನವೆಂಬರ್ 22ರಂದು ತೀರಿಕೊಂಡರು.

ಈ ಸಾಲನ್ನೇ ಚಾರ್ಟಿನಲ್ಲಿ ಬರೆದು ಅಂಟಿಸಿದರೆ ಯಾರೂ ಓದುವುದಿಲ್ಲ. ಹುದ್ದೆಗಳ ಪಟ್ಟಿ ಬದುಕಲ್ಲ. ಒಂದು ಹುದ್ದೆಯಲ್ಲಿ ಎಷ್ಟು ಕಾಲ ಇದ್ದರು, ಆ ಕುರ್ಚಿಯಿಂದ ಏನು ಮಾಡಲು ಸಾಧ್ಯವಿತ್ತು, ಹಿಂದಿನ ಕೆಲಸ ಮುಂದಿನದಕ್ಕೆ ಹೇಗೆ ದಾರಿಯಾಯಿತು ಎನ್ನುವುದು ಕಣ್ಣಿಗೆ ಕಾಣಬೇಕು. ಅದಕ್ಕೆ ಮೂರು ಭಾಗ ಸಾಕು: ಅಳತೆಯ ಕಾಲಪಟ್ಟಿ, ಕಣಗಳ ಜಾಡು ತೋರಿಸುವ ಮೋಡದ ಪೆಟ್ಟಿಗೆ, ಚಾವಣಿಯಿಂದ ನೇತಾಡುವ ಒಂದು ಹಗ್ಗ. ಮಕ್ಕಳು ಸಿಕ್ಕರೆ ಎಂಟು ನಿಮಿಷದ ಪ್ರಶ್ನೋತ್ತರ ಕಲಾಪ. ಎಸ್ಸೆಸ್ಸೆಲ್ಸಿ ಮಕ್ಕಳನ್ನು ಇದಕ್ಕೆ ಎಳೆಯಬೇಡಿ, ಪರೀಕ್ಷೆ ಹತ್ತಿರವಿರುತ್ತದೆ. ಎಂಟು ಮತ್ತು ಒಂಬತ್ತನೆಯ ತರಗತಿಯ ಹನ್ನೆರಡು ಮಂದಿ, ಮೂರು ವಾರ ಸಂಜೆ ಒಂದೊಂದು ಗಂಟೆ ಸಿಕ್ಕರೆ ಆಯಿತು.

ಕಾಲಪಟ್ಟಿ

ಅಳತೆ: ಒಂದು ವರ್ಷಕ್ಕೆ 5 ಸೆಂ.ಮೀ. 1928ರಿಂದ 2016ರವರೆಗೆ ಎರಡೂ ಸೇರಿ 89 ವರ್ಷ, ಅಂದರೆ 445 ಸೆಂ.ಮೀ. ಅಂಗಡಿಯಲ್ಲಿ ಸಿಗುವ ಚಾರ್ಟ್ ಹಾಳೆ 56 × 71 ಸೆಂ.ಮೀ. ಅಡ್ಡಡ್ಡ ಇಟ್ಟು 2 ಸೆಂ.ಮೀ. ಮೇಲೆ ಮೇಲೆ ಬರುವಂತೆ ಅಂಟಿಸಿದರೆ ಏಳು ಹಾಳೆಗೆ 485 ಸೆಂ.ಮೀ., ಸುಮಾರು ಹದಿನಾರು ಅಡಿ. ಆರು ಹಾಳೆಗೆ ನಿಲ್ಲುವುದಿಲ್ಲ, 416 ಮಾತ್ರ ಆಗುತ್ತದೆ. ಏಳರಲ್ಲಿ ಉಳಿಯುವ 40 ಸೆಂ.ಮೀ.ಯನ್ನು ಎಡಕ್ಕೆ 20, ಬಲಕ್ಕೆ 20 ಬಿಡಿ. ಎಡಗಡೆ ಹೆಸರು ಮತ್ತು ಭಾವಚಿತ್ರ, ಬಲಗಡೆ ಬಣ್ಣಗಳ ಅರ್ಥ.

ಎತ್ತರದ 56 ಸೆಂ.ಮೀ.ಯನ್ನು ಹೀಗೆ ಹಂಚಿ: ಮೇಲೆ ಶೀರ್ಷಿಕೆಗೆ 10, ಕೆಳಗೆ ಇಸವಿಯ ಅಳತೆಪಟ್ಟಿಗೆ 6, ನಡುವೆ 10 ಸೆಂ.ಮೀ.ಯ ನಾಲ್ಕು ಸಾಲು. ಒಂದೇ ಸಾಲಿನಲ್ಲಿ ಬರೆಯಲು ಹೊರಟವರು ಎಲ್ಲರೂ 1971ಕ್ಕೆ ಬಂದು ಸಿಕ್ಕಿಬೀಳುತ್ತಾರೆ. ಮೆನನ್ ಆಗ ಟಿಐಎಫ್‌ಆರ್ ನಿರ್ದೇಶಕರೂ ಹೌದು, ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆಯ ಕಾರ್ಯದರ್ಶಿಯೂ ಹೌದು. ಮರುವರ್ಷ ಇಸ್ರೋ ಅಧ್ಯಕ್ಷತೆಯೂ ಸೇರಿತು. ಒಂದರ ಮೇಲೊಂದು ಹೊರೆ ಬಿದ್ದ ಆ ಕಾಲವನ್ನು ತೋರಿಸಲು ಸಾಲುಗಳು ಬೇರೆ ಬೇರೆ ಇರಲೇಬೇಕು. ಮೊದಲನೆಯದು ಓದು ಮತ್ತು ಸಂಶೋಧನೆ, ಎರಡನೆಯದು ಸಂಸ್ಥೆಗಳ ಆಡಳಿತ, ಮೂರನೆಯದು ಸರ್ಕಾರದ ಇಲಾಖೆ ಮತ್ತು ಸಲಹೆ, ನಾಲ್ಕನೆಯದು ಸಂಸತ್ತು ಮತ್ತು ಮಂತ್ರಿಗಿರಿ.

ಬಣ್ಣದ ವಿಷಯದಲ್ಲಿ ಒಂದು ಮಾತು. ರಾಜಕೀಯದ ಸಾಲಿಗೆ ಕೇಸರಿ, ಹಸಿರು, ಕೆಂಪು ಹಾಕಬೇಡಿ. ನಮ್ಮ ಜಿಲ್ಲೆಯಲ್ಲಿ ಬಣ್ಣ ನೋಡಿಯೇ ಅರ್ಥ ಮಾಡಿಕೊಳ್ಳುವವರಿದ್ದಾರೆ, ವಿಜ್ಞಾನ ಪ್ರದರ್ಶನದ ಚರ್ಚೆ ಎಲ್ಲಿಗೋ ಹೋಗುತ್ತದೆ. ನೇರಳೆ, ಕಂದು, ಬೂದು, ಕಪ್ಪು ಸಾಕು. ಶಿಕ್ಷಣಕ್ಕೆ ಸಂಬಂಧಪಟ್ಟದ್ದು ಯಾವ ಸಾಲಿನಲ್ಲಿ ಬಂದರೂ ಅದರ ಮೇಲೊಂದು ಹಳದಿ ಚುಕ್ಕಿ ಅಂಟಿಸಿ.

ಈಗ ಅಳತೆ ಗುರುತಿಸಿ. ಸೊನ್ನೆಯೆಂದರೆ 1928ರ ಆರಂಭ. ಜೋಧ್‌ಪುರದ ಜಸ್ವಂತ್ ಕಾಲೇಜು, ಮುಂಬೈಯ ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್ ಮುಗಿಸಿ ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾಲಯಕ್ಕೆ ಹೋದದ್ದು 1949, ಅಂದರೆ 105ನೆಯ ಸೆಂ.ಮೀ. ಅಲ್ಲಿ ಸೆಸಿಲ್ ಪೊವೆಲ್ ಅವರ ಬಳಿ ಪಿಎಚ್‌ಡಿ, 1953. ಟಿಐಎಫ್‌ಆರ್ ಸೇರಿದ್ದು 1955, 135ಕ್ಕೆ. ಸಂಸ್ಥೆಯ ಸ್ಥಾಪಕ ಹೋಮಿ ಭಾಭಾ 1966ರ ಜನವರಿ 24ರ ವಿಮಾನ ದುರಂತದಲ್ಲಿ ತೀರಿಕೊಂಡ ಮೇಲೆ ನಿರ್ದೇಶಕರಾದದ್ದು, 190ಕ್ಕೆ. ಆಗ ಮೆನನ್‌ಗೆ ಮೂವತ್ತೆಂಟೂ ತುಂಬಿರಲಿಲ್ಲ. ಆ ಹುದ್ದೆಯ ಪಟ್ಟಿ 1975ರವರೆಗೆ, ಉದ್ದ 45 ಸೆಂ.ಮೀ. ವಿಕ್ರಮ್ ಸಾರಾಭಾಯಿ 1971ರ ಡಿಸೆಂಬರ್ 30ರಂದು ನಿಧನರಾದಾಗ ಇಸ್ರೋ ಹೊಣೆ ಬಂತು, 1972ರ ಜನವರಿಯಿಂದ ಸೆಪ್ಟೆಂಬರ್‌ವರೆಗೆ. ಅಳತೆಯಲ್ಲಿ 4 ಸೆಂ.ಮೀ.ಗೂ ಕಡಿಮೆ, ಅದರ ನಂತರ ಸತೀಶ್ ಧವನ್. 1974ರಿಂದ 1978ರವರೆಗೆ ರಕ್ಷಣಾ ಸಚಿವರ ವೈಜ್ಞಾನಿಕ ಸಲಹೆಗಾರ, 1978ರಿಂದ 1981ರವರೆಗೆ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯ (ಸಿಎಸ್‌ಐಆರ್) ಮಹಾನಿರ್ದೇಶಕ, 1982ರಿಂದ 1989ರವರೆಗೆ ಯೋಜನಾ ಆಯೋಗದ ಸದಸ್ಯ (35 ಸೆಂ.ಮೀ.), ಅದರೊಳಗೇ 1986ರಿಂದ ಪ್ರಧಾನಿಯವರ ವೈಜ್ಞಾನಿಕ ಸಲಹೆಗಾರ. ಕೊನೆಗೆ ವಿ. ಪಿ. ಸಿಂಗ್ ಸರ್ಕಾರದಲ್ಲಿ ರಾಜ್ಯ ಸಚಿವ. ಆ ಸರ್ಕಾರ ಇದ್ದದ್ದು 1989ರ ಡಿಸೆಂಬರ್ 2ರಿಂದ 1990ರ ನವೆಂಬರ್ 10ರವರೆಗೆ. ಸುಮಾರು 310ನೆಯ ಸೆಂ.ಮೀ.ಯಲ್ಲಿ ಶುರುವಾಗಿ 5 ಸೆಂ.ಮೀ. ತುಂಬುವ ಮೊದಲೇ ಮುಗಿಯುತ್ತದೆ.

ಈ ತುಂಡೇ ಇಡೀ ಪಟ್ಟಿಯ ಜೀವ. ಶಿಕ್ಷಣ ಸಚಿವರು ಎಂದು ದೊಡ್ಡದಾಗಿ ಬರೆಯಲು ಎಲ್ಲರಿಗೂ ಆಸೆ, ಆದರೆ ಜಾಗ ಒಂದು ಬೆರಳುದ್ದ ಮಾತ್ರ. ಹಿಗ್ಗಿಸಬೇಡಿ. ಅಕ್ಷರ ಹಿಡಿಸದಿದ್ದರೆ ಗೆರೆ ಎಳೆದು ಕೆಳಗೆ ಬರೆಯಿರಿ. ಅದರ ಪಕ್ಕದಲ್ಲೇ ರಾಜ್ಯಸಭೆಯ 30 ಸೆಂ.ಮೀ. ಇರುತ್ತದೆ, 1990ರಿಂದ 1996.

ಹಳದಿ ಚುಕ್ಕಿ ಎಲ್ಲೆಲ್ಲಿ

ಇಲ್ಲಿ ಸ್ವಲ್ಪ ನಿಧಾನಿಸಿ, ಏಕೆಂದರೆ ಮೆನನ್ ಅವರ ಶಿಕ್ಷಣದ ಕೆಲಸ ನಾಲ್ಕನೆಯ ಸಾಲಿನಲ್ಲಿ ಹೆಚ್ಚಿಲ್ಲ, ಎರಡನೆಯ ಸಾಲಿನಲ್ಲಿದೆ. 1974ರಲ್ಲಿ, ಅವರು ನಿರ್ದೇಶಕರಾಗಿದ್ದಾಗ, ಟಿಐಎಫ್‌ಆರ್ ಅಡಿಯಲ್ಲಿ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ ಹುಟ್ಟಿತು. ನಮ್ಮ ಮಕ್ಕಳು ಬರೆಯುವ ವಿಜ್ಞಾನ ಒಲಿಂಪಿಯಾಡ್‌ಗಳ ರಾಷ್ಟ್ರೀಯ ಕೇಂದ್ರ ಇಂದಿಗೂ ಅದೇ. ಒಲಿಂಪಿಯಾಡ್ ಬರೆದವರು ನಿಮ್ಮ ಶಾಲೆಯಲ್ಲಿದ್ದರೆ ಅವರನ್ನೇ ಈ ಚುಕ್ಕಿಯ ಪಕ್ಕ ನಿಲ್ಲಿಸಿ. ಅದಕ್ಕೂ ಎರಡು ವರ್ಷ ಮೊದಲು, 1972ರಲ್ಲಿ, ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ 16 ಮಾಧ್ಯಮಿಕ ಶಾಲೆಗಳಲ್ಲಿ ಪಾಠವನ್ನು ಬಾಯಿಪಾಠದಿಂದ ಪ್ರಯೋಗಕ್ಕೆ ತಿರುಗಿಸುವ ಕೆಲಸ ಶುರುವಾಗಿತ್ತು. ಟಿಐಎಫ್‌ಆರ್ ವಿಜ್ಞಾನಿಗಳೂ ಅದಕ್ಕೆ ಕೈಜೋಡಿಸಿದರು. ಮೂವತ್ತು ವರ್ಷ ನಡೆದ ಆ ಕಾರ್ಯಕ್ರಮವನ್ನು 2002ರಲ್ಲಿ ಅಲ್ಲಿನ ರಾಜ್ಯ ಸರ್ಕಾರ ನಿಲ್ಲಿಸಿತು. ಈ ಇಸವಿಯನ್ನೂ ಪಟ್ಟಿಯಲ್ಲಿ ಗುರುತಿಸಿ. ಶಾಲೆಯ ಬಾಗಿಲು ತೆರೆಯುವುದೂ ಮುಚ್ಚುವುದೂ ಯಾರ ಕೈಯಲ್ಲಿದೆ ಎಂದು ಬೇರೆ ವಿವರಣೆ ಬೇಕಾಗುವುದಿಲ್ಲ.

ಮಂತ್ರಿಗಿರಿಯ ಬೆರಳುದ್ದದ ಮೇಲೆ ಒಂದು ಚುಕ್ಕಿ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಮರುಪರಿಶೀಲಿಸಲು ಆ ಸರ್ಕಾರ 1990ರ ಮೇ ತಿಂಗಳಲ್ಲಿ ಆಚಾರ್ಯ ರಾಮಮೂರ್ತಿ ಸಮಿತಿ ನೇಮಿಸಿತು. ವರದಿ ಬಂದದ್ದು ಡಿಸೆಂಬರ್‌ನಲ್ಲಿ. ಅಷ್ಟರಲ್ಲಿ ನೇಮಿಸಿದ ಸರ್ಕಾರವೇ ಬಿದ್ದುಹೋಗಿತ್ತು. ಇನ್ನೊಂದು ಮಿತಿಯನ್ನು ಪಕ್ಕದಲ್ಲೇ ಸಣ್ಣ ಚೀಟಿಯಲ್ಲಿ ಬರೆಯಿರಿ: 1976ರ 42ನೆಯ ತಿದ್ದುಪಡಿಯ ನಂತರ ಶಿಕ್ಷಣ ಸಮವರ್ತಿ ಪಟ್ಟಿಯ ವಿಷಯ, ಅಂದರೆ ಕೇಂದ್ರಕ್ಕೂ ರಾಜ್ಯಕ್ಕೂ ಅಧಿಕಾರ. ದೆಹಲಿಯ ಸಚಿವರು ಬಯಸಿದ ಮಾತ್ರಕ್ಕೆ ಬಂಟ್ವಾಳದ ಶಾಲೆಯ ಪಠ್ಯಪುಸ್ತಕ ಬದಲಾಗುವುದಿಲ್ಲ.

ಶಿಕ್ಷಣದ ಚುಕ್ಕಿ ಬೀಳದಿದ್ದರೂ ನಮ್ಮ ಕಡೆಯವರು ನಿಂತು ನೋಡುವ ಎರಡು ಜಾಗ ಇವೆ. ಒಂದು, 1972ರ ಮೇ. ಸೋವಿಯತ್ ಒಕ್ಕೂಟದ ಜತೆ ಉಪಗ್ರಹದ ಒಪ್ಪಂದ ಆದಾಗ ಇಸ್ರೋ ಅಧ್ಯಕ್ಷರ ಕುರ್ಚಿಯಲ್ಲಿದ್ದವರು ಮಂಗಳೂರಿನಲ್ಲಿ ಹುಟ್ಟಿದ ಮೆನನ್, ಉಪಗ್ರಹ ಕಟ್ಟುವ ತಂಡ ನಡೆಸಿದವರು ಉಡುಪಿಯ ಅದಮಾರಿನ ಯು. ಆರ್. ರಾವ್. ಅದೇ ಆರ್ಯಭಟ, 1975ರ ಏಪ್ರಿಲ್ 19ರಂದು ಕಕ್ಷೆ ಸೇರಿತು. ಇನ್ನೊಂದು ಸೈಲೆಂಟ್ ವ್ಯಾಲಿ. ಕೇರಳದ ಆ ಕಾಡಿನಲ್ಲಿ ಜಲವಿದ್ಯುತ್ ಅಣೆಕಟ್ಟು ಬೇಕೋ ಬೇಡವೋ ಎಂದು ನೋಡಿದ ಸಮಿತಿಗೆ ಮೆನನ್ ಅಧ್ಯಕ್ಷರು. 1983ರಲ್ಲಿ ಯೋಜನೆ ಕೈಬಿಡಲಾಯಿತು. ಪಶ್ಚಿಮ ಘಟ್ಟದ ಬುಡದಲ್ಲಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ತಪ್ಪುವುದು ಎಲ್ಲಿ

ಅತಿ ಹೆಚ್ಚು ತಪ್ಪುವುದು ಭಾವಚಿತ್ರದಲ್ಲಿ. ಅಂತರ್ಜಾಲದಲ್ಲಿ ಮೆನನ್ ಎಂದಷ್ಟೇ ಹುಡುಕಿದರೆ ರಕ್ಷಣಾ ಸಚಿವರಾಗಿದ್ದ ವಿ. ಕೆ. ಕೃಷ್ಣ ಮೆನನ್ ಅವರ ಚಿತ್ರ ಬರುತ್ತದೆ. ಅವರೂ ಮಂತ್ರಿ, ಇವರೂ ಮಂತ್ರಿ; ಮಕ್ಕಳಿಗೆ ಸಂಶಯವೇ ಬರುವುದಿಲ್ಲ. ಪೂರ್ತಿ ಹೆಸರು ಹಾಕಿ ಹುಡುಕಿ, ಎರಡು ಕಡೆ ಹೋಲಿಸಿ.

ಎರಡನೆಯದು ‘ರಾಜ್ಯ ಸಚಿವ’. ನೋಡಲು ಬಂದವರು ಇದನ್ನು ಕರ್ನಾಟಕ ರಾಜ್ಯದ ಸಚಿವ ಎಂದೇ ಓದುತ್ತಾರೆ. ‘ಕೇಂದ್ರ ಸರ್ಕಾರದಲ್ಲಿ ರಾಜ್ಯ ಸಚಿವ (ಸಂಪುಟ ದರ್ಜೆಯ ಕೆಳಗಿನದು)’ ಎಂದು ಬಿಡಿಸಿ ಬರೆಯಿರಿ. ಮೂರನೆಯದು, ಹುಟ್ಟಿದ ಕಾಲದ ಊರಿನ ವಿಳಾಸ. 1928ರಲ್ಲಿ ಮಂಗಳೂರು ಇದ್ದದ್ದು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ. ಕರ್ನಾಟಕ ಎಂದು ಬರೆಯಬೇಡಿ. ‘ಉಡುಪಿ ಜಿಲ್ಲೆ’ ಎಂಬುದು ಆದದ್ದೂ 1997ರಲ್ಲಿ, ಆರ್ಯಭಟದ ಚೀಟಿ ಬರೆಯುವಾಗ ನೆನಪಿರಲಿ. ಹಾಗೆಯೇ ‘ತುಳುನಾಡಿನ ಹೆಮ್ಮೆಯ ಪುತ್ರ’ ಎಂಬ ಶೀರ್ಷಿಕೆ ಕೊಡುವ ಮೊದಲು ಎರಡು ಸಲ ಯೋಚಿಸಿ. ಕೇರಳ ಮೂಲದ ಮನೆತನ, ಕಾಲೇಜು ಜೋಧ್‌ಪುರದಲ್ಲಿ, ಕೆಲಸ ಮುಂಬೈ, ದೆಹಲಿಗಳಲ್ಲಿ. ಹುಟ್ಟಿದ ಊರು ಎಂಬಷ್ಟು ಹಕ್ಕು ನಮಗಿದೆ, ಅದಕ್ಕಿಂತ ಹೆಚ್ಚು ಎಳೆದುಕೊಂಡರೆ ನೋಡುವ ಹಿರಿಯರೊಬ್ಬರು ಅಲ್ಲೇ ಕೇಳಿಬಿಡುತ್ತಾರೆ.

ಫ್ಲೆಕ್ಸ್ ಅಂಗಡಿಗೆ ಕೊಡುವುದಾದರೆ ಇನ್ನೊಂದು ಅಪಾಯ. ಯೂನಿಕೋಡಿನಲ್ಲಿ ಟೈಪ್ ಮಾಡಿದ್ದನ್ನು ನುಡಿ ಅಕ್ಷರಕ್ಕೆ ಬದಲಾಯಿಸುವಾಗ ಒತ್ತಕ್ಷರ, ಅರ್ಕಾವತ್ತು ಜಾಗ ಬಿಟ್ಟು ಓಡುತ್ತವೆ. ‘ವಿಶ್ವಕಿರಣ’, ‘ಕಾರ್ಯದರ್ಶಿ’, ‘ರಾಷ್ಟ್ರೀಯ’ ಮೂರನ್ನೂ ಮೊದಲು ನೋಡಿ, ಇವು ಸರಿ ಇದ್ದರೆ ಉಳಿದದ್ದು ಹೆಚ್ಚಾಗಿ ಸರಿ ಇರುತ್ತದೆ. ಪಠ್ಯವನ್ನು ವಾಟ್ಸಾಪಿನಲ್ಲಿ ಕಳಿಸದೆ ಪಿಡಿಎಫ್ ಮಾಡಿ ಕೊಡಿ, ಮುದ್ರಿಸುವ ಮೊದಲು ಪರದೆಯ ಮೇಲೆ ಒಮ್ಮೆ ಕೂತು ಓದಿ. ಕೈಬರಹವಾದರೆ ಈ ರಗಳೆ ಇಲ್ಲ. ಮೂರು ಮೀಟರ್ ದೂರದಿಂದ ಓದಲು ಶೀರ್ಷಿಕೆಯ ಅಕ್ಷರ ಎರಡೂವರೆ ಸೆಂ.ಮೀ., ಒಳಗಿನದು ಒಂದು ಸೆಂ.ಮೀ. ಬೇಕು. ಕನ್ನಡದಲ್ಲಿ ಒತ್ತು ಕೆಳಗಿಳಿಯುವುದರಿಂದ ಸಾಲುಗಳ ನಡುವೆ ಅಕ್ಷರದಷ್ಟೇ ಜಾಗ ಬಿಡಿ. ಪಟ್ಟಿಯ ಮಧ್ಯ ನೆಲದಿಂದ ಸುಮಾರು 130 ಸೆಂ.ಮೀ. ಎತ್ತರಕ್ಕೆ ಬರಲಿ.

ಮೋಡದ ಪೆಟ್ಟಿಗೆ

ಮೆನನ್ ಬ್ರಿಸ್ಟಲ್‌ನಲ್ಲಿ ಕೆಲಸ ಮಾಡಿದ್ದು ದಪ್ಪ ಲೇಪದ ಛಾಯಾಫಲಕಗಳಲ್ಲಿ. ಆಕಾಶದಿಂದ ಬಂದ ಕಣ ಲೇಪದೊಳಗೆ ಹಾದುಹೋದರೆ ತೊಳೆದ ಮೇಲೆ ಸೂಕ್ಷ್ಮದರ್ಶಕದಲ್ಲಿ ಕಪ್ಪು ಗೆರೆ ಕಾಣುತ್ತದೆ. ಪೊವೆಲ್ ತಂಡ 1947ರಲ್ಲಿ ಪಯಾನ್ ಎಂಬ ಕಣವನ್ನು ಪತ್ತೆಮಾಡಿದ್ದು ಹೀಗೆಯೇ, 1950ರ ನೊಬೆಲ್ ಪೊವೆಲ್‌ಗೆ ಬಂದದ್ದೂ ಇದಕ್ಕೇ. ಶಾಲೆಯಲ್ಲಿ ಆ ಫಲಕ ಆಗದ ಮಾತು. ಕಣದ ಜಾಡನ್ನು ಆ ಕ್ಷಣದಲ್ಲೇ ತೋರಿಸುವ ಮೋಡದ ಪೆಟ್ಟಿಗೆ ಮಾಡಬಹುದು.

ಬೇಕಾದದ್ದು: 30 × 20 × 20 ಸೆಂ.ಮೀ.ಯ ಗಾಜಿನ ಮೀನಿನ ತೊಟ್ಟಿ. 34 × 24 ಸೆಂ.ಮೀ.ಯ, 3 ಮಿ.ಮೀ. ದಪ್ಪದ ಅಲ್ಯುಮಿನಿಯಂ ತಗಡು, ಒಂದು ಬದಿಗೆ ತರಗತಿಯ ಬೋರ್ಡಿಗೆ ಬಳಿಯುವ ಹೊಳಪಿಲ್ಲದ ಕಪ್ಪು ಬಣ್ಣ; 4 ಸೆಂ.ಮೀ. ಅಗಲದ ಉಣ್ಣೆಯ ಫೆಲ್ಟ್ ಪಟ್ಟಿ, ಎಂಟು ಸಣ್ಣ ಅಯಸ್ಕಾಂತ, ಶೇ. 99ರ ಐಸೋಪ್ರೊಪೈಲ್ ಆಲ್ಕೋಹಾಲ್ ಅರ್ಧ ಲೀಟರ್. ಬಾಗಿಲಿನ ಸಂದಿಗೆ ಅಂಟಿಸುವ ಸ್ಪಂಜಿನ ಟೇಪು. ತಗಡು ಹಿಡಿಸುವ ಥರ್ಮಾಕೋಲ್ ಪೆಟ್ಟಿಗೆ. ಪ್ರಖರ ಎಲ್‌ಇಡಿ ಟಾರ್ಚ್. ದಪ್ಪ ಚರ್ಮದ ಕೈಗವಸು, ಕನ್ನಡಕ. ಒಣ ಮಂಜು, ಅಂದರೆ ಡ್ರೈ ಐಸ್, 3 ಕಿಲೋ ಬಳಕೆಗೆ.

ಒಣ ಮಂಜಿನ ಬದಲು ದಕ್ಕೆಯಿಂದಲೋ ಮಲ್ಪೆಯಿಂದಲೋ ಮೀನಿನ ಮಂಜುಗಡ್ಡೆ ತಂದರೆ ಆಗುವುದಿಲ್ಲವೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಆಗುವುದಿಲ್ಲ. ಅದು ಸೊನ್ನೆ ಡಿಗ್ರಿ, ಉಪ್ಪು ಬೆರೆಸಿದರೂ ಮೈನಸ್ 21ರ ಆಚೆ ಹೋಗದು. ಡ್ರೈ ಐಸ್ ಮೈನಸ್ 78 ಡಿಗ್ರಿ. ಮೇಲೆ ಬೆಚ್ಚಗೆ, ಕೆಳಗೆ ಅಷ್ಟು ತಣ್ಣಗೆ ಇದ್ದರೆ ಮಾತ್ರ ಇಳಿದು ಬರುವ ಆಲ್ಕೋಹಾಲ್ ಆವಿ ಹನಿಯಾಗಲು ಕಾಯುತ್ತಾ ನಿಲ್ಲುತ್ತದೆ. ಆಗ ಕಣವೊಂದು ಹಾದುಹೋದರೆ ಅದರ ದಾರಿಯುದ್ದಕ್ಕೂ ಹನಿಗಳು ಕಟ್ಟುತ್ತವೆ. ಥರ್ಮಾಕೋಲ್ ಪೆಟ್ಟಿಗೆಯಲ್ಲಿಟ್ಟರೂ ಒಂದು ದಿನದಲ್ಲಿ ಕಾಲು ಭಾಗದಿಂದ ಅರ್ಧದಷ್ಟು ಆರಿಹೋಗುತ್ತದೆ, ಆದ್ದರಿಂದ ಬೆಳಗ್ಗೆಯೇ 5 ಕಿಲೋ ತರಿಸಿ. ಹಿಂದಿನ ದಿನ ತಂದಿಟ್ಟು ಬೆಳಗ್ಗೆ ಪೆಟ್ಟಿಗೆ ತೆರೆದು ಪೆಚ್ಚಾಗುವವರು ಬಹಳ.

ಕ್ರಮ ಹೀಗೆ. ಫೆಲ್ಟ್ ಪಟ್ಟಿಯನ್ನು ತೊಟ್ಟಿಯ ತಳದ ಒಳಬದಿಯ ಸುತ್ತ ಇಟ್ಟು ಒಳಗೊಂದು ಹೊರಗೊಂದು ಅಯಸ್ಕಾಂತದಿಂದ ಹಿಡಿಸಿ. ಅಂಟು ಬೇಡ, ಆಲ್ಕೋಹಾಲಿಗೆ ಕರಗಿ ಪ್ರದರ್ಶನದ ನಡುವೆ ಪಟ್ಟಿ ಕಳಚಿ ಬೀಳುತ್ತದೆ. 50 ಮಿ.ಲೀ. ಆಲ್ಕೋಹಾಲನ್ನು ಫೆಲ್ಟ್‌ಗೆ ಹೀರಿಸಿ, ಕಪ್ಪು ತಗಡಿನ ಮೇಲೂ ತೆಳ್ಳಗೆ ಸವರಿ. ತೊಟ್ಟಿಯನ್ನು ಬೋರಲಾಗಿ ತಗಡಿನ ಮೇಲಿಟ್ಟು ಅಂಚಿಗೆ ಸ್ಪಂಜಿನ ಟೇಪು ಕೂರಿಸಿ. ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಡ್ರೈ ಐಸನ್ನು ಪುಡಿ ಮಾಡಿ ಎರಡೂವರೆ ಸೆಂ.ಮೀ. ದಪ್ಪಕ್ಕೆ ಸಮನಾಗಿ ಹರಡಿ, ಅದರ ಮೇಲೆ ತಗಡನ್ನು ಒತ್ತಿ ಕೂರಿಸಿ. ಗಡ್ಡೆಗಡ್ಡೆಯಾಗಿದ್ದರೆ ತಗಡಿಗೆ ಅಲ್ಲಲ್ಲಿ ಮಾತ್ರ ತಣ್ಣಗೆ ತಾಗಿ ಅರ್ಧ ತೊಟ್ಟಿ ಸತ್ತಿರುತ್ತದೆ. ಕೋಣೆ ಕತ್ತಲು ಮಾಡಿ, ಟಾರ್ಚನ್ನು ಬದಿಯಿಂದ ತಗಡಿಗೆ ಸಮಾನಾಂತರವಾಗಿ ಬಿಡಿ, ಮೇಲಿನಿಂದಲ್ಲ. ಹತ್ತರಿಂದ ಹದಿನೈದು ನಿಮಿಷ ಕಾಯಬೇಕು.

ಮೊದಲು ಕಾಣುವುದು ತುಂತುರು ಮಳೆ. ‘ಎಂತ ಮಾರಾಯ್ರೆ, ಹೊಗೆ ಮಾತ್ರ ಉಂಟಲ್ಲ’ ಎಂದು ಜನ ಹೋಗಲು ಹೊರಡುವುದು ಈ ಹೊತ್ತಿಗೇ, ಹಾಗಾಗಿ ಬಾಗಿಲು ತೆರೆಯುವ ಇಪ್ಪತ್ತು ನಿಮಿಷ ಮೊದಲೇ ಶುರು ಮಾಡಿ. ತಗಡಿನಿಂದ ಒಂದು ಸೆಂ.ಮೀ. ಎತ್ತರದ ಪದರದಲ್ಲಿ ಮಾತ್ರ ಜಾಡು ಕಟ್ಟುತ್ತದೆ, ಕಣ್ಣನ್ನು ಅಲ್ಲಿಗೇ ಇಳಿಸಲು ಹೇಳಿ. ಗಿಡ್ಡ, ದಪ್ಪ ಗೆರೆಗಳು ಆಲ್ಫಾ ಕಣದವು, ಹೆಚ್ಚಾಗಿ ಗಾಳಿಯಲ್ಲಿರುವ ರೇಡಾನ್‌ನಿಂದ ಬಂದವು. ಸಿಕ್ಕಾಪಟ್ಟೆ ಬಾಗಿ ಅಲೆದಾಡುವವು ಎಲೆಕ್ಟ್ರಾನ್. ಸೂಜಿಯಂತೆ ತೆಳ್ಳಗೆ, ಉದ್ದಕ್ಕೆ, ನೇರವಾಗಿ ಹೋಗುವವು ಹೆಚ್ಚಾಗಿ ಮ್ಯುವಾನ್, ಆಕಾಶದಿಂದ ಬಂದವು. ವಾತಾವರಣದ ಮೇಲ್ಭಾಗದಲ್ಲಿ ಪಯಾನ್ ಹುಟ್ಟಿ, ಅದು ಒಡೆದು ಮ್ಯುವಾನ್ ಆಗಿ ನೆಲಕ್ಕೆ ತಲುಪುತ್ತದೆ. ಸಮುದ್ರ ಮಟ್ಟದಲ್ಲಿ ಚದರ ಸೆಂ.ಮೀ.ಗೆ ನಿಮಿಷಕ್ಕೆ ಸುಮಾರು ಒಂದು. ಅಂಗೈ ಚಾಚಿ ನಿಂತರೆ ಸೆಕೆಂಡಿಗೊಂದಾದರೂ ಹಾದುಹೋಗುತ್ತಿರುತ್ತದೆ. ಈ ವಾಕ್ಯವನ್ನು ಸ್ವಯಂಸೇವಕ ಮಕ್ಕಳು ಅಂಗೈ ಚಾಚಿಯೇ ಹೇಳಲಿ.

ಕರಾವಳಿಯ ತೊಂದರೆ ತೇವ. ಫೆಬ್ರವರಿಯಲ್ಲೂ ಗಾಜಿನ ಹೊರಮೈ ಮಂಜಾಗುತ್ತದೆ, ಐಸೋಪ್ರೊಪೈಲ್ ಅದ್ದಿದ ಬಟ್ಟೆಯಿಂದ ಒರೆಸುತ್ತಿರಿ. ಟೇಪಿನ ಸಂದಿಯಿಂದ ತೇವದ ಗಾಳಿ ನುಗ್ಗಿದರೆ ತಗಡಿನ ಅಂಚಿನಲ್ಲಿ ಬಿಳಿ ಹಿಮ ಕೂರುತ್ತದೆ, ಒಳಗೆ ಮೋಡ ಸುಳಿಯಾಗಿ ತಿರುಗುತ್ತದೆ, ಜಾಡು ಕಾಣುವುದಿಲ್ಲ. ಆಗ ಸಂದಿಗೆ ಮೇಣದ ಜೇಡಿ ಒತ್ತಿ. ಐಸೋಪ್ರೊಪೈಲ್ ಬದಲು ಸ್ಯಾನಿಟೈಸರ್ ಉಪಯೋಗಿಸಿ ಸೋತವರೂ ಇದ್ದಾರೆ. ಅದರಲ್ಲಿ ಸುಮಾರು ಶೇ. 30 ನೀರು ಇರುತ್ತದೆ, ಹಿಮವಾಗುತ್ತದೆ ಅಷ್ಟೇ. ಕೆಲವು ಕೈಪಿಡಿಗಳಲ್ಲಿ ಪ್ಲಾಸ್ಟಿಕ್ ಸ್ಕೇಲನ್ನು ಉಜ್ಜಿ ಗಾಜಿನ ಮೇಲಿಡಿ, ಹಳೆಯ ಅಯಾನುಗಳು ತೊಲಗಿ ಜಾಡು ಸ್ಪಷ್ಟವಾಗುತ್ತದೆ ಎಂದಿರುತ್ತದೆ. ಮಾತು ನಿಜ, ಆದರೆ ನಮ್ಮ ಹವೆಯಲ್ಲಿ ಆ ವಿದ್ಯುದಂಶ ನಿಲ್ಲುವುದೇ ಕಷ್ಟ. ಮುಕ್ಕಾಲು ಗಂಟೆಗೊಮ್ಮೆ ಫೆಲ್ಟ್ ಮತ್ತೆ ನೆನೆಸಬೇಕು.

ಎಚ್ಚರಿಕೆ ಮೂರು. ಡ್ರೈ ಐಸನ್ನು ಬರಿಗೈಯಲ್ಲಿ ಮುಟ್ಟಿದರೆ ಚರ್ಮ ಸುಟ್ಟಂತಾಗುತ್ತದೆ, ಮುಚ್ಚಳ ಬಿಗಿದ ಬಾಟಲಿಗೆ ಹಾಕಿದರೆ ಸಿಡಿಯುತ್ತದೆ. ಅದರಿಂದ ಬರುವ ಇಂಗಾಲದ ಡೈಆಕ್ಸೈಡ್ ನೆಲದ ಮಟ್ಟದಲ್ಲಿ ತುಂಬಿಕೊಳ್ಳುತ್ತದೆ, ಕತ್ತಲು ಮಾಡಲು ಕಪ್ಪು ಬಟ್ಟೆ ಕಟ್ಟಿ ಆದರೆ ಕಿಟಕಿ ತೆರೆದಿರಲಿ. ಆಲ್ಕೋಹಾಲ್ ಬೆಂಕಿಗೆ ಕಾದಿರುತ್ತದೆ: ಉದ್ಘಾಟನೆಯ ಕಾಲುದೀಪ, ಊದುಬತ್ತಿ ಈ ಕೋಣೆಯಲ್ಲಿ ಬೇಡವೇ ಬೇಡ. ಅತಿಥಿಗಳು ಅಂಗಳದಲ್ಲೇ ದೀಪ ಬೆಳಗಲಿ.

ಹಗ್ಗ

ಮೋಡದ ಪೆಟ್ಟಿಗೆ ನೋಡಿದವರನ್ನು ನೇರ ಹಗ್ಗದ ಬಳಿಗೆ ಕಳಿಸಿ, ಕಾಲಪಟ್ಟಿಗಲ್ಲ. ಮ್ಯುವಾನ್‌ಗಳು ಎಲ್ಲೆಲ್ಲೂ ಹಾದುಹೋಗುವುದಾದರೆ ಅವುಗಳ ಗದ್ದಲವಿಲ್ಲದ ಜಾಗ ಎಲ್ಲಿ? ನೆಲದಡಿ. ಕೋಲಾರದ ಚಿನ್ನದ ಗಣಿಯಲ್ಲಿ ಟಿಐಎಫ್‌ಆರ್ ತಂಡ ಮಾಡಿದ್ದು ಇದನ್ನೇ. ಮೆನನ್, ಬಿ. ವಿ. ಶ್ರೀಕಂಠನ್ ಮೊದಲಾದವರು ಜಪಾನಿನ ಒಸಾಕಾ, ಇಂಗ್ಲೆಂಡಿನ ಡರಮ್ ವಿಶ್ವವಿದ್ಯಾಲಯದವರ ಜತೆ ಚಾಂಪಿಯನ್ ರೀಫ್ ಗಣಿಯಲ್ಲಿ ಸುಮಾರು 2.3 ಕಿ.ಮೀ. ಆಳದಲ್ಲಿ ಶೋಧಕಗಳನ್ನು ಇಟ್ಟರು. ಅಷ್ಟು ಬಂಡೆ ದಾಟಿ ಬರುವ ಮ್ಯುವಾನ್ ಕೋಟಿಯಲ್ಲಿ ಒಂದಕ್ಕಿಂತಲೂ ಕಡಿಮೆ. ಆ ಮೌನದಲ್ಲಿ 1965ರಲ್ಲಿ ವಾತಾವರಣದಲ್ಲಿ ಹುಟ್ಟಿದ, ಎಷ್ಟೇ ಬಂಡೆಯಿದ್ದರೂ ಸುಲಭವಾಗಿ ದಾಟುವ ನ್ಯೂಟ್ರಿನೊ ಎಂಬ ಕಣಗಳ ಗುರುತು ಸಿಕ್ಕಿತು. ಅದೇ ಹೊತ್ತಿಗೆ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲಿ ಇನ್ನೊಂದು ತಂಡಕ್ಕೂ ಸಿಕ್ಕಿತು.

ಅಳತೆ: 10 ಮೀಟರಿಗೆ 1 ಸೆಂ.ಮೀ. ಹಗ್ಗ 230 ಸೆಂ.ಮೀ. ತೆಂಗಿನ ನಾರಿನ ಹಗ್ಗ ಸುರುಳಿ ಸುತ್ತಿ ಅಳತೆ ಕೆಡಿಸುತ್ತದೆ, ದರ್ಜಿಯ ಹತ್ತಿ ಪಟ್ಟಿ ಒಳ್ಳೆಯದು, ತುದಿಗೆ ಭಾರ ಕಟ್ಟಿ. ಹಂಚಿನ ಮಾಡಿನ ಶಾಲೆಯಾದರೆ ಅಡ್ಡತೊಲೆಯಿಂದ ಇಳಿಬಿಡಿ. ಮೇಲ್ತುದಿ ನೆಲದ ಮಟ್ಟ. ಅಲ್ಲಿಂದ ಕೆಳಗೆ 1.2 ಸೆಂ.ಮೀ.ಗೆ ನಲವತ್ತು ಅಡಿಯ ಮುರಕಲ್ಲಿನ ಬಾವಿ, 18 ಸೆಂ.ಮೀ.ಗೆ ಆರುನೂರು ಅಡಿಯ ಕೊಳವೆಬಾವಿ, 189 ಸೆಂ.ಮೀ.ಗೆ ಕುದುರೆಮುಖ ಶಿಖರವನ್ನು ತಲೆಕೆಳಗು ಮಾಡಿ ತೂಗುಹಾಕಿದರೆ ಅದರ ತುದಿ. ಅದರ ಎತ್ತರ 1,894 ಮೀಟರ್. ಶೋಧಕ ಇನ್ನೂ ಕೆಳಗೆ. ಈ ಒಂದು ಚೀಟಿ ಸಾಕು, ಮಕ್ಕಳು ಬಾಯಿಬಿಟ್ಟು ನೋಡುತ್ತಾರೆ.

ಪ್ರಶ್ನೋತ್ತರ ಕಲಾಪ

ಏಳು ಮಕ್ಕಳು, ಎಂಟು ನಿಮಿಷ. ರಾಜ್ಯಸಭೆಯಾದ್ದರಿಂದ ಪೀಠದಲ್ಲಿ ಕೂರುವವರು ‘ಸಭಾಪತಿ’, ಲೋಕಸಭೆಯ ಸ್ಪೀಕರ್ ಅಲ್ಲ. ಹಳ್ಳಿ ಶಾಲೆಗಳ ಪ್ರಯೋಗಾಲಯದ ಬಗ್ಗೆ ಒಂದು ಚುಕ್ಕಿ ಗುರುತಿನ (ಸ್ಟಾರ್ಡ್) ಪ್ರಶ್ನೆ, ಸಚಿವರಿಂದ ಬಾಯಿಮಾತಿನ ಉತ್ತರ, ಅದರ ಮೇಲೆ ಎರಡು ಪೂರಕ ಪ್ರಶ್ನೆ. ಪಾತ್ರದ ಹೆಸರು ‘ರಾಜ್ಯ ಸಚಿವರು’ ಎಂದಷ್ಟೇ ಇರಲಿ. ಮೆನನ್ ಆಡದ ಮಾತನ್ನು ಅವರ ಬಾಯಿಗೆ ಹಾಕಬೇಡಿ. ಒಬ್ಬ ಸದಸ್ಯ ಎದ್ದು ‘ಸಂಸದರಾಗದೆ ಮಂತ್ರಿಯಾಗುವುದು ಹೇಗೆ?’ ಎಂದು ಕೇಳಲಿ. ಉತ್ತರ ಸಂವಿಧಾನದ 75(5)ನೆಯ ವಿಧಿಯಲ್ಲಿದೆ: ಆರು ತಿಂಗಳೊಳಗೆ ಯಾವುದಾದರೂ ಒಂದು ಸದನದ ಸದಸ್ಯರಾಗಬೇಕು. ಮೆನನ್ 1990ರಲ್ಲಿ ರಾಜ್ಯಸಭೆ ಸೇರಿದ್ದು ರಾಜಸ್ಥಾನದಿಂದ, ಓದಿದ ಜೋಧ್‌ಪುರ ಇರುವ ರಾಜ್ಯದಿಂದ.

ಸ್ವಯಂಸೇವಕರಿಗೆ ಮೂರು ಉತ್ತರ ಬಾಯಿಗೆ ಬರಲಿ, ಏಕೆಂದರೆ ಈ ಮೂರನ್ನು ಕೇಳದೆ ಯಾರೂ ಹೋಗುವುದಿಲ್ಲ. ‘ನಮ್ಮ ಊರಿನವರಾ?’ ಹುಟ್ಟಿದ್ದು ಇಲ್ಲಿ, ಬೆಳೆದದ್ದು ಹೊರಗೆ. ‘ಯಾವ ಪಾರ್ಟಿ?’ ಮಂತ್ರಿಯಾದದ್ದು ವಿ. ಪಿ. ಸಿಂಗ್ ಅವರ ರಾಷ್ಟ್ರೀಯ ರಂಗ ಸರ್ಕಾರದಲ್ಲಿ. ‘ನೊಬೆಲ್ ಸಿಕ್ಕಿದೆಯಾ?’ ಇಲ್ಲ, ಸಿಕ್ಕಿದ್ದು ಗುರು ಪೊವೆಲ್‌ಗೆ. ಮೆನನ್‌ಗೆ 1970ರಲ್ಲಿ ರಾಯಲ್ ಸೊಸೈಟಿಯ ಫೆಲೋ ಗೌರವ, 1985ರಲ್ಲಿ ಪದ್ಮವಿಭೂಷಣ. 7564ನೆಯ ಕ್ಷುದ್ರಗ್ರಹಕ್ಕೆ ‘ಗೋಕುಮೆನನ್’ ಎಂದು ಹೆಸರಿದೆ.

ಮುಗಿದ ಮೇಲೆ

ಉಳಿದ ಡ್ರೈ ಐಸನ್ನು ಸಿಂಕಿಗೆ ಸುರಿಯಬೇಡಿ, ಪಿವಿಸಿ ಪೈಪು ಬಿರಿಯುತ್ತದೆ. ಮಕ್ಕಳ ಕೈಗೆ ಸಿಗದ ಬಯಲಿನಲ್ಲಿ ಥರ್ಮಾಕೋಲ್ ಪೆಟ್ಟಿಗೆಯ ಮುಚ್ಚಳ ಸಡಿಲಿಸಿ ಇಟ್ಟರೆ ತಾನಾಗಿ ಆರುತ್ತದೆ. ಫೆಲ್ಟ್ ಒಣಗಿದ ಮೇಲೆ ಮತ್ತೆ ಉಪಯೋಗಕ್ಕೆ ಬರುತ್ತದೆ. ಕಾಲಪಟ್ಟಿಯನ್ನು ಮಡಚಬೇಡಿ, ಅಂಟಿದ ಜಾಗದಲ್ಲೇ ಮುರಿಯುತ್ತದೆ. ನಾಲ್ಕು ಇಂಚಿನ ಪೈಪಿಗೆ ಬರಹ ಹೊರಗೆ ಬರುವಂತೆ ಸುತ್ತಿ, ಪ್ಲಾಸ್ಟಿಕ್ ಹಾಳೆ ಹೊದೆಸಿ, ಎರಡೂ ಬದಿ ಕಟ್ಟಿ, ಜೂನ್ ಮಳೆಗೆ ಮೊದಲು ಗೋಡೆಗೆ ತಾಗದಂತೆ ಅಟ್ಟದಲ್ಲಿಡಿ. ಗೋಡೆಗೆ ಒರಗಿಸಿದ್ದನ್ನು ಆಗಸ್ಟಿನಲ್ಲಿ ತೆಗೆದರೆ ಬೂಷ್ಟು ಹಿಡಿದು 1966ರಿಂದ 1975ರವರೆಗಿನ ಸಾಲು ಓದಲು ಬರುವುದಿಲ್ಲ.